ಸಮುದ್ರದ ಕೆಸರು ನಮಗ್ಯಾಕೆ ಎಂದವರಿಗೆ

ಪತ್ರ: ‘ಕಳೆದ ಸಂಚಿಕೆಯಲ್ಲಿ ಸಮುದ್ರದ ತಳದ ಕೆಸರಿನಲ್ಲಿ ಡಿಡಿಟಿ, ಬಿಎಚ್‌ಸಿ ಎಂಬ ಹಳೆಯ ಕೀಟನಾಶಕಗಳು ಉಳಿದಿರುವ ಬಗ್ಗೆ ಎರಡು ಪುಟ ಬರೆದಿದ್ದೀರಿ. ನಾವು ಕೊಡಗಿನವರು. ನಮಗೂ ಸಮುದ್ರಕ್ಕೂ ಏನು ಸಂಬಂಧ? ಆ ಪುಟಗಳನ್ನು ಕಾಫಿ ಬೆಲೆಗೆ ಕೊಡಬಹುದಿತ್ತು. ಕಾಫಿ ಕಾಂಡ ಕೊರೆಯುವ ಬೋರರ್ ಹುಳಕ್ಕೆ ಆ ಕಾಲದಲ್ಲಿ ಬಿಎಚ್‌ಸಿ ಬಿಟ್ಟರೆ ಬೇರೆ ಏನಿತ್ತು?’
– ಮದೆನಾಡು ಕಡೆಯ ಒಬ್ಬ ಬೆಳೆಗಾರರು

ಸಂಪಾದಕರ ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಒಪ್ಪಿದೆ. ಬೋರರ್ ಹೊಕ್ಕ ಅರೇಬಿಕಾ ಗಿಡವನ್ನು ಬುಡಸಮೇತ ಕಿತ್ತು ಸುಡುವ ಸಂಕಟ ನನಗೂ ಗೊತ್ತು. ಮಲೇರಿಯಾದ ಮಾತೂ ಅಷ್ಟೇ. 1947ರ ಸುಮಾರಿಗೆ ದೇಶದಲ್ಲಿ ವರ್ಷಕ್ಕೆ 7.5 ಕೋಟಿ ಜನಕ್ಕೆ ಮಲೇರಿಯಾ ಬರುತ್ತಿತ್ತು, 8 ಲಕ್ಷ ಜನ ಸಾಯುತ್ತಿದ್ದರು ಎಂಬ ಅಂದಾಜಿದೆ. ಅದನ್ನು ಇಳಿಸಿದ ಪುಣ್ಯ ಡಿಡಿಟಿಗೆ ಸಲ್ಲಲಿ.

ಆದರೆ ‘ನಮಗೂ ಸಮುದ್ರಕ್ಕೂ ಏನು’ ಅಂದಿರಲ್ಲ, ಅದು ನಿಮ್ಮಂಥ ತಿಳಿದವರ ಬಾಯಲ್ಲಿ ಬರಬಾರದಿತ್ತು.

ನಾನು ಚಿಕ್ಕವನಿದ್ದಾಗ ಹೂಮಳೆ ಮುಗಿದ ಮೇಲೆ ನಮ್ಮ ತೋಟದಲ್ಲಿ ಬಿಎಚ್‌ಸಿ ಕಲಸಿ ಕಾಂಡಕ್ಕೆ ಬಳಿಯುತ್ತಿದ್ದರು. ಬರಿಗೈಯಲ್ಲಿ. ಸಂಜೆ ಬಕೆಟ್ ತೊಳೆಯುವುದು ತೋಡಿನಲ್ಲಿ, ಅಂದರೆ ಪಕ್ಕದ ಸಣ್ಣ ಹಳ್ಳದಲ್ಲಿ. ಬೆಳಿಗ್ಗೆ ನೋಡಿದರೆ ಏಡಿಗಳು ಮಗುಚಿ ಬಿದ್ದಿರುತ್ತಿದ್ದವು. ನಾವು ಹುಡುಗರು ಹೆಕ್ಕಿ ತಂದರೆ ಅಜ್ಜಿ ಬೈದು ಎಸೆಸುತ್ತಿದ್ದರು. ಏಡಿ ತಿನ್ನಬಾರದು ಅಂತ ಅಜ್ಜಿಗೆ ಗೊತ್ತಿತ್ತು. ತೋಡು ಎಲ್ಲಿಗೆ ಹೋಗುತ್ತದೆ ಅಂತ ಮಾತ್ರ ಮನೆಯಲ್ಲಿ ಯಾರೂ ಕೇಳಲಿಲ್ಲ.

ನಿಮ್ಮೂರಿನಿಂದ ಕೆಳಗೆ ಜೋಡುಪಾಲ. ಅಲ್ಲಿನ ನೀರು ಪಯಸ್ವಿನಿ ಸೇರುತ್ತದೆ, ಸುಳ್ಯ ದಾಟುತ್ತದೆ, ಚಂದ್ರಗಿರಿ ಹೊಳೆಯಾಗಿ ಕಾಸರಗೋಡಿನ ಹತ್ತಿರ ಅರಬ್ಬಿ ಸಮುದ್ರಕ್ಕೆ ಬೀಳುತ್ತದೆ. ಕಾವೇರಿಯ ಹೂಳಾದರೆ ಕೆ.ಆರ್.ಎಸ್.ನಲ್ಲೋ ಮೆಟ್ಟೂರಿನಲ್ಲೋ ಒಂದಷ್ಟು ನಿಂತೀತು. ಈ ಕಡೆ ಅಂಥ ಅಣೆಕಟ್ಟೆ ಇಲ್ಲ.

ಈ ವಿಷಗಳು ನೀರಿನಲ್ಲಿ ಕರಗುವುದು ಬಹಳ ಕಡಿಮೆ. ನುಣುಪು ಜೇಡಿಗೆ, ಕೊಳೆತ ಎಲೆಯ ಪುಡಿಗೆ ಅಂಟಿಕೊಂಡು ಮಳೆಗಾಲದ ಕೆಂಪು ನೀರಿನ ಜೊತೆ ಇಳಿಯುತ್ತವೆ. ಅಳಿವೆಯಲ್ಲಿ ಉಪ್ಪುನೀರು ತಾಗಿದ್ದೇ ತಡ, ಹಾಲು ಒಡೆದ ಹಾಗೆ ಜೇಡಿ ಗರಣೆಗಟ್ಟಿ ತಳಕ್ಕೆ ಕೂರುತ್ತದೆ. ಅಲ್ಲಿ ಬಿಸಿಲಿಲ್ಲ, ಗಾಳಿ ಇಲ್ಲ. ಡಿಡಿಟಿ ಅಲ್ಪಸ್ವಲ್ಪ ಬದಲಾಗಿ ಡಿಡಿಡಿ, ಡಿಡಿಇ ಎಂಬ ಅದರದೇ ಮರಿಗಳಾದರೂ ಅವೂ ಮೊಂಡು. ಕೆಸರಿನ ಹುಳ ತಿನ್ನುತ್ತದೆ, ಹುಳವನ್ನು ಮೀನು, ಆ ಮೀನನ್ನು ದೊಡ್ಡ ಮೀನು. ಪ್ರತಿ ಮೆಟ್ಟಿಲಿಗೂ ಕೊಬ್ಬಿನಲ್ಲಿ ವಿಷ ಜಾಸ್ತಿಯಾಗುತ್ತದೆ. ಹಾಗಂತ ಘಟ್ಟ ಹತ್ತಿ ಬರುವ ಲಾರಿಯ ಮೀನು ಬಿಡಿ ಅಂತ ನಾನು ಹೇಳುತ್ತಿಲ್ಲ. ನಾನೇ ಬಿಟ್ಟಿಲ್ಲ!

ಅಮೆರಿಕ ಡಿಡಿಟಿ ನಿಷೇಧಿಸಿದ್ದು 1972ರಲ್ಲಿ. ಲಾಸ್ ಏಂಜಲೀಸ್ ಪಕ್ಕದ ಪಾಲೋಸ್ ವರ್ಡಿಸ್ ಕಡಲತಳದಲ್ಲಿ ಕಾರ್ಖಾನೆಯೊಂದು ಚರಂಡಿಗೆ ಬಿಟ್ಟ ಡಿಡಿಟಿ ಇವತ್ತಿಗೂ ಕೂತಿದೆ. ಪೆಸಿಫಿಕ್‌ನ ಮರಿಯಾನಾ ಕಂದಕದಲ್ಲಿ, ಹತ್ತು ಕಿಲೋಮೀಟರ್ ಆಳದ ಸಿಗಡಿಯಂಥ ಪುಟ್ಟ ಜೀವಿಗಳ ಮೈಯಲ್ಲಿ ಪಿಸಿಬಿ ಸಿಕ್ಕಿದ ಸುದ್ದಿ 2017ರಲ್ಲಿ ಬಂತು. ಅದು ಹಳೆಯ ಟ್ರಾನ್ಸ್‌ಫಾರ್ಮರ್ ಎಣ್ಣೆಯ ವಿಷ. ಕೊಡಗಿನ ಅತಿ ಎತ್ತರದ ಬೆಟ್ಟ, ನಮ್ಮ ತಡಿಯಂಡಮೋಳನ್ನು ಒಂದರ ಮೇಲೊಂದು ಐದು ಪೇರಿಸಿದರೂ ಆ ಆಳ ತುಂಬುವುದಿಲ್ಲ.

ನಮ್ಮಲ್ಲಿ ಬೇಸಾಯಕ್ಕೆ ಡಿಡಿಟಿ ನಿಂತದ್ದು 1989ರಲ್ಲಿ, ಬಿಎಚ್‌ಸಿ 1997ರಲ್ಲಿ. ಎಂಡೋಸಲ್ಫಾನ್ ಎಂಬ ಇನ್ನೊಂದು ಕೀಟನಾಶಕಕ್ಕಂತೂ 2011ರಲ್ಲಿ ಸುಪ್ರೀಂ ಕೋರ್ಟೇ ಬರಬೇಕಾಯಿತು. ನಿಂತಿತಲ್ಲ, ಇನ್ನೇನು ಅಂತೀರಾ? 2018ರ ಆಗಸ್ಟ್‌ನಲ್ಲಿ ಜೋಡುಪಾಲದಲ್ಲಿ ಗುಡ್ಡ ಜಾರಿದ್ದು ನೀವೇ ನೋಡಿದವರು. ಎಷ್ಟು ಕಾಲದ ಮಣ್ಣು ಒಂದೇ ಸಲ ಇಳಿದು ಹೋಯಿತು. ಅದರೊಳಗೆ ಯಾರ ತೋಟದ ಯಾವ ಕಾಲದ ಬಿಎಚ್‌ಸಿ ಪುಡಿ ಇತ್ತೋ.

ಆಮೇಲೆ ಒಂದು ದಿನ ನಮ್ಮ ತೋಡಿನ ಕೆಸರನ್ನು ಡಬ್ಬದಲ್ಲಿ ತುಂಬಿಕೊಂಡು ಒಂದು ಕಚೇರಿಗೆ ಹೋಗಿದ್ದೆ. ‘ಪಿಎಚ್ ನೋಡ್ತೀವಿ, ಬೇರೆದೆಲ್ಲ ಇಲ್ಲಿ ಆಗಲ್ಲ’ ಅಂದರು. ಮಣ್ಣಿನ ಹುಳಿ ಇಳಿಯಲು ಸುಣ್ಣ ಹಾಕಿ ಅಂತ ಚೀಟಿ ಬರೆದುಕೊಟ್ಟರು. ತೋಡಿಗೆ! ಕಾವೇರಿ ಅಂದರೆ ನಮಗೆ ಟಿಎಂಸಿ, ಅಷ್ಟೇ ಅಲ್ವಾ? ಎಷ್ಟು ನೀರು ಬಿಟ್ಟರು, ಎಷ್ಟು ಬಿಡಬೇಕಿತ್ತು. ನೀರಿನ ಜೊತೆ ಏನನ್ನು ಬಿಟ್ಟೆವು ಅಂತ ಭಾಷಣ ಮಾಡಿದ ಒಬ್ಬ ರಾಜಕಾರಣಿಯನ್ನೂ ನಾನು ಕಂಡಿಲ್ಲ. ಹೋಮ್‌ಸ್ಟೇ ಕಟ್ಟುವವರಿಗೆ ವ್ಯೂ ಪಾಯಿಂಟ್ ಬೇಕು, ಆ ವ್ಯೂ ಎಲ್ಲಿಗೆ ಇಳಿಯುತ್ತದೆ ಅನ್ನುವುದು ಬೇಡ.

ಇರಲಿ, ನಿಮ್ಮ ಮೇಲಿನ ಸಿಟ್ಟಲ್ಲ ಇದು. ನೀವು ಕೇಳಿದಿರಿ, ಉಳಿದವರು ಸುಮ್ನೆ ಪುಟ ತಿರುಗಿಸಿದರು. ಕಾಫಿ ಬೆಲೆಯ ಲೇಖನ ಮುಂದಿನ ಸಂಚಿಕೆಯಲ್ಲಿ ಬರುತ್ತದೆ. ಅಷ್ಟರೊಳಗೆ ಗೋದಾಮಿನ ಅಟ್ಟವನ್ನು ಒಮ್ಮೆ ನೋಡಿ. ಹಳೆಯ ಬಿಎಚ್‌ಸಿ ಚೀಲ ಇದ್ದರೆ ತೋಡಿನ ಕಡೆ ಒಯ್ಯಬೇಡಿ, ನನಗೊಂದು ಕಾರ್ಡು ಹಾಕಿ.