ಗನ್ ಕೊಳ್ಳುವ ಮೊದಲು ಗಾಳಿಯ ಲೆಕ್ಕ

ಪ್ರಶ್ನೆ: ಮನೆಯ ಕಬ್ಬಿಣದ ಗೇಟು, ನಾಲ್ಕು ಕುರ್ಚಿಗಳು ಮತ್ತು ಒಂದು ಹಳೆಯ ಸೈಕಲ್ ಫ್ರೇಮಿನ ಬಣ್ಣ, ತುಕ್ಕು ತೆಗೆಯಬೇಕಾಗಿದೆ. ನನ್ನಲ್ಲಿ 2 ಎಚ್‌ಪಿಯ, 50 ಲೀಟರ್ ಟ್ಯಾಂಕಿನ ಕಂಪ್ರೆಸರ್ ಇದೆ. ಒತ್ತಿದ ಗಾಳಿಯಿಂದ ಗಟ್ಟಿ ಕಣಗಳನ್ನು ಚಿಮ್ಮಿಸಿ ಉಜ್ಜುವ ಸ್ಯಾಂಡ್‌ಬ್ಲಾಸ್ಟಿಂಗ್‌ಗೆ ಹೀರುಗನ್ (ಗಾಳಿಯ ಸೆಳೆತದಿಂದ ಕಣಗಳನ್ನು ಎಳೆದುಕೊಳ್ಳುವ ಗನ್) ಸಾಕೇ, ಪ್ರೆಶರ್ ಪಾಟ್ (ಕಣಗಳನ್ನು ಒತ್ತಡದಲ್ಲಿ ತುಂಬಿಡುವ ಪಾತ್ರೆ) ಬೇಕೇ?

ಉತ್ತರ: ಎಚ್‌ಪಿ ಮತ್ತು ಟ್ಯಾಂಕಿನ ಗಾತ್ರವನ್ನು ತಿಳಿಸಿದ್ದೀರಿ, ಆದರೆ ಇಲ್ಲಿ ನಿರ್ಣಾಯಕವಾದದ್ದು ಕಂಪ್ರೆಸರ್ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಕೊಡುತ್ತದೆ ಎಂಬುದು, ಅಂದರೆ ಸಿಎಫ್‌ಎಂ. ಯಂತ್ರದ ಫಲಕದಲ್ಲಿ ದೊಡ್ಡದಾಗಿ ಮುದ್ರಿಸಿರುವುದು ಸಾಮಾನ್ಯವಾಗಿ ಪಿಸ್ಟನ್ ಎಳೆದುಕೊಳ್ಳುವ ಗಾಳಿಯ ಪ್ರಮಾಣ. 90 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡದಲ್ಲಿ ನಿಜವಾಗಿ ಹೊರಬರುವುದು ಅದಕ್ಕಿಂತ ಕಡಿಮೆ. ಸ್ಥೂಲವಾಗಿ ಒಂದು ಎಚ್‌ಪಿಗೆ 3ರಿಂದ 4 ಸಿಎಫ್‌ಎಂ ಎಂದು ಹಿಡಿದರೆ ನಿಮಗೆ ದಕ್ಕುವುದು 6ರಿಂದ 8.

ಪ್ರೆಶರ್ ಪಾಟ್‌ನಲ್ಲಿ ಕಣ ಮತ್ತು ಗಾಳಿ ಎರಡೂ ಒತ್ತಡದಲ್ಲೇ ಗನ್ನಿನ ತುದಿಯ ರಂಧ್ರವಾದ ನಾಝಲ್‌ಗೆ ಬರುವುದರಿಂದ ಕೆಲಸ ಬಹಳ ವೇಗವಾಗಿ ಸಾಗುತ್ತದೆ. ಆದರೆ 3 ಮಿ.ಮೀ. ಸುಮಾರಿನ ಅತಿ ಚಿಕ್ಕ ನಾಝಲ್‌ಗೂ 100 ಪಿಎಸ್‌ಐನಲ್ಲಿ ಹೆಚ್ಚುಕಡಿಮೆ 20 ಸಿಎಫ್‌ಎಂ ಬೇಕಾಗುತ್ತದೆ, ರಂಧ್ರದ ವ್ಯಾಸ ಇಮ್ಮಡಿಯಾದರೆ ಗಾಳಿಯ ಬೇಡಿಕೆ ನಾಲ್ಕು ಪಟ್ಟಾಗುತ್ತದೆ. ನಿಮ್ಮ ಕಂಪ್ರೆಸರ್‌ಗೆ ಇದು ಹೊಂದುವುದಿಲ್ಲ. ‘ದೊಡ್ಡ ಟ್ಯಾಂಕ್ ಜೋಡಿಸಿದರೆ ಸರಿಹೋಗುತ್ತದೆ’ ಎಂದು ಹೇಳುವವರಿದ್ದಾರೆ. ಲೆಕ್ಕ ಹಾಕಿ ನೋಡಿ: 50 ಲೀಟರ್ ಟ್ಯಾಂಕಿನ ಒತ್ತಡ 8 ಬಾರ್‌ನಿಂದ (ಒಂದು ಬಾರ್ ಎಂದರೆ ಸುಮಾರು 14.5 ಪಿಎಸ್‌ಐ) 6ಕ್ಕೆ ಇಳಿಯುವಾಗ ಸಿಗುವುದು ಸುಮಾರು 100 ಲೀಟರ್, ಎಂದರೆ ಮೂರೂವರೆ ಘನ ಅಡಿ ಗಾಳಿ. 20 ಬೇಕಾದಲ್ಲಿ 8 ಮಾತ್ರ ಸಿಕ್ಕು ನಿಮಿಷಕ್ಕೆ 12 ಘನ ಅಡಿ ಕೊರತೆಯಿರುವಾಗ ಅದು ಇಪ್ಪತ್ತು ಸೆಕೆಂಡಿಗೂ ಬಾರದು. ಒತ್ತಡ ಮಾಪಕದ ಮುಳ್ಳು ಇಳಿಯುತ್ತದೆ, ಗನ್ನಿನಿಂದ ಕಣಗಳು ಚಿಮ್ಮುವ ಬದಲು ಉದುರತೊಡಗುತ್ತವೆ, ನೀವು ಟ್ರಿಗರ್ ಬಿಟ್ಟು ಕಂಪ್ರೆಸರಿನ ಸದ್ದು ಕೇಳುತ್ತ ಕಾಯುತ್ತೀರಿ.

ಆದ್ದರಿಂದ ಈಗಿರುವ ಕಂಪ್ರೆಸರ್‌ಗೆ ಹೀರುಗನ್ನೇ ಸರಿ. ಅದನ್ನು ಕೊಳ್ಳುವಾಗಲೂ ಒಂದು ಸೂಕ್ಷ್ಮವಿದೆ. ಹೀರುಗನ್ನಿನಲ್ಲಿ ಎರಡು ರಂಧ್ರಗಳಿರುತ್ತವೆ: ಒಳಗೆ ಗಾಳಿಯ ಜೆಟ್, ಹೊರಗೆ ಕಣಗಳು ಬರುವ ನಾಝಲ್. ಎಷ್ಟು ಗಾಳಿ ಖರ್ಚಾಗುತ್ತದೆ ಎಂಬುದು ಒಳಗಿನ ಜೆಟ್ಟನ್ನು ಅವಲಂಬಿಸಿರುತ್ತದೆ, ಆದರೆ ಅಂಗಡಿಯವರು ಅಳತೆ ಹೇಳುವುದು ಹೊರಗಿನದರದ್ದು. 90 ಪಿಎಸ್‌ಐನಲ್ಲಿ 2 ಮಿ.ಮೀ. ಜೆಟ್ ಸುಮಾರು 7 ಸಿಎಫ್‌ಎಂ ಬಳಸಿದರೆ, 3 ಮಿ.ಮೀ. ಜೆಟ್ 16ಕ್ಕೂ ಹೆಚ್ಚು ಬಳಸುತ್ತದೆ. ನಿಮಗೆ ಬೇಕಾದದ್ದು 2 ಮಿ.ಮೀ.ನದು. ಸೆರಾಮಿಕ್ ನಾಝಲ್‌ಗಳು ಬೇಗ ಸವೆಯುತ್ತವೆ, ಆದ್ದರಿಂದ ಮೂರು ನಾಲ್ಕು ಹೆಚ್ಚುವರಿಯಾಗಿ ಇಟ್ಟುಕೊಳ್ಳಿ.

ಗನ್ನಿಗೆ ಕೊಡುವಷ್ಟೇ ಗಮನವನ್ನು ನೀರು ಬೇರ್ಪಡಿಸುವ ಫಿಲ್ಟರ್‌ಗೂ ಕೊಡಬೇಕು. ಒತ್ತಿದ ಗಾಳಿ ತಣ್ಣಗಾದಾಗ ಅದರಲ್ಲಿನ ತೇವ ನೀರಾಗುತ್ತದೆ. ಆ ನೀರು ತಾಗಿದ ಕಣಗಳು ಗಂಟುಗಟ್ಟಿ ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಗನ್ ಕೆಟ್ಟಿದೆ ಎಂದು ಬಿಚ್ಚುವ ಮೊದಲು ಟ್ಯಾಂಕಿನ ಕೆಳಗಿನ ಡ್ರೈನ್ ವಾಲ್ವ್ ತಿರುಗಿಸಿ ನೋಡಿ. ಫಿಲ್ಟರನ್ನು ಕಂಪ್ರೆಸರ್‌ಗೆ ಅಂಟಿಕೊಂಡಂತೆ ಕೂರಿಸಬಾರದು. ಗಾಳಿ ಉದ್ದನೆಯ ಪೈಪಿನಲ್ಲಿ ಹಾದು ತಣ್ಣಗಾದ ಮೇಲೆ ಅದು ಸಿಗುವಂತಿರಬೇಕು.

ಇಷ್ಟರಲ್ಲಿ ಫ್ರೇಮು, ಕುರ್ಚಿಗಳ ಕೆಲಸ ತಾಳ್ಮೆಯಿದ್ದರೆ ಮುಗಿಯುತ್ತದೆ. ಗೇಟಿನ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಅಷ್ಟು ದೊಡ್ಡ ವಸ್ತುವನ್ನು ಈ ಗನ್ನಿನಿಂದ ಮಾಡಲು ಹೊರಟರೆ ದಿನಗಟ್ಟಲೆ ಹಿಡಿಯುತ್ತದೆ, ಸಣ್ಣ ಕಂಪ್ರೆಸರ್ ಬಿಡುವಿಲ್ಲದೆ ಓಡಿ ಬಿಸಿಯೇರುತ್ತದೆ. ಚಪ್ಪಟೆ ಭಾಗಗಳನ್ನು ಗ್ರೈಂಡರಿನ ವೈರ್ ಬ್ರಷ್‌ನಿಂದ ಉಜ್ಜಿ, ಬ್ರಷ್ ತಲುಪದ ಮೂಲೆ ಮತ್ತು ಬೆಸುಗೆಗಳಿಗಷ್ಟೇ ಗನ್ ಬಳಸಿ. ಇಲ್ಲವಾದರೆ ಗೇಟನ್ನು ಬ್ಲಾಸ್ಟಿಂಗ್ ಮಾಡುವ ವರ್ಕ್‌ಶಾಪಿಗೆ ಕೊಡಿ.

ಪ್ರಶ್ನೆ: ಜರಡಿ ಹಿಡಿದ ನದಿ ಮರಳನ್ನೇ ಬಳಸಬಹುದೇ?

ಉತ್ತರ: ಬಳಸಬಾರದು. ಹೆಸರಿನಲ್ಲಿ ಸ್ಯಾಂಡ್ ಇದ್ದರೂ ಮರಳು ಈ ಕೆಲಸಕ್ಕೆ ಅತ್ಯಂತ ಅಪಾಯಕಾರಿ ವಸ್ತು. ಲೋಹಕ್ಕೆ ಬಡಿದು ಪುಡಿಯಾದ ಮರಳಿನ ಸಿಲಿಕಾ ಧೂಳು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಶ್ವಾಸಕೋಶದ ಆಳಕ್ಕಿಳಿದು ಸಿಲಿಕೋಸಿಸ್ ತರುತ್ತದೆ. ಒಮ್ಮೆ ಬಂದ ಆ ಗಾಯ ಮಾಯುವುದಿಲ್ಲ. ಬ್ರಿಟನ್ 1949ರ ನಿಯಮಾವಳಿಯ ಮೂಲಕವೇ ಕಾರ್ಖಾನೆಗಳಲ್ಲಿ ಇದರ ಬಳಕೆಯನ್ನು ನಿಷೇಧಿಸಿತು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯಾದ ನಯಾಶ್ 1974ರಲ್ಲಿ ಅಂಥದೇ ಶಿಫಾರಸು ಮಾಡಿತು.

ಬದಲಿಗೆ ಚಿಕ್ಕ ಗನ್ನಿಗೆ 80 ಮೆಶ್‌ನ (ಮೆಶ್ ಎಂದರೆ ಜರಡಿಯ ಕಣ್ಣುಗಳ ಲೆಕ್ಕದಲ್ಲಿ ಕಣದ ಗಾತ್ರ) ಗಾರ್ನೆಟ್ ಎಂಬ ಖನಿಜದ ಪುಡಿ ಒಳ್ಳೆಯದು. ಅಲ್ಯುಮಿನಿಯಂ ಆಕ್ಸೈಡ್ ಇನ್ನೂ ಗಟ್ಟಿ, ಮುಚ್ಚಿದ ಪೆಟ್ಟಿಗೆಯಂಥ ಕ್ಯಾಬಿನೆಟ್ಟಿನೊಳಗೆ ಮತ್ತೆ ಮತ್ತೆ ಬಳಸಬಹುದಾದದ್ದು. ಅಡುಗೆ ಸೋಡಾ ಬಣ್ಣವನ್ನು ಬಿಡಿಸುತ್ತದೆ, ತುಕ್ಕಿನ ಮುಂದೆ ಸೋಲುತ್ತದೆ. ಗಾಜಿನ ಮಣಿಗಳು ಹೊಳಪಿಗೆ ಮಾತ್ರ. ಯಾವ ಕಣ ಬಳಸಿದರೂ ಹಳೆಯ ಬಣ್ಣದಲ್ಲಿ ಸೀಸವಿದ್ದರೆ ಧೂಳು ವಿಷವೇ. ಹಾಗೆಂಬ ಅನುಮಾನ ಬಂದರೂ ಬ್ಲಾಸ್ಟಿಂಗ್ ಬೇಡ. ಬಟ್ಟೆ ಮಾಸ್ಕ್ ಇಲ್ಲಿ ನಿರುಪಯೋಗಿ. ಬಯಲಿನಲ್ಲಿ ಕೆಲಸ ಮಾಡುವವರಿಗೆ ಶುದ್ಧ ಗಾಳಿ ಪೂರೈಸುವ ಬ್ಲಾಸ್ಟ್ ಹುಡ್ ಬೇಕು, ಆದರೆ ಆ ಗಾಳಿಯನ್ನು ಎಣ್ಣೆ ಹಾಕುವ ಸಾಮಾನ್ಯ ಕಂಪ್ರೆಸರಿನಿಂದ ತೆಗೆದುಕೊಳ್ಳಬಾರದು. ಇದಕ್ಕಾಗಿಯೇ ಸಣ್ಣ ಬಿಡಿಭಾಗಗಳಿಗೆ ಧೂಳು ಹೀರುವ ವ್ಯವಸ್ಥೆಯಿರುವ ಮುಚ್ಚಿದ ಕ್ಯಾಬಿನೆಟ್ಟೇ ಉತ್ತಮ ಎನ್ನುತ್ತೇನೆ.

ಪ್ರಶ್ನೆ: ಕಾರಿನ ಬಾಗಿಲ ತಗಡನ್ನು ಹೀಗೆ ಸ್ವಚ್ಛಗೊಳಿಸಬಹುದೇ?

ಉತ್ತರ: ತೆಳು ತಗಡಿನ ಒಂದೇ ಮಗ್ಗುಲಿಗೆ ಕಣಗಳ ಪೆಟ್ಟು ಬಿದ್ದರೆ ಅದು ಉಬ್ಬಿ ಸೊಟ್ಟಗಾಗುತ್ತದೆ, ಮತ್ತೆ ಸರಿಪಡಿಸುವುದು ಕಷ್ಟ. ಅಗಲವಾದ ಸಮತಟ್ಟು ಭಾಗಕ್ಕೆ ಪೇಂಟ್ ರಿಮೂವರ್ ಬಳಸಿ. ಅಂಚು, ಮಡಿಕೆಗಳಿಗೆ ಮಾತ್ರ ಒತ್ತಡ ತಗ್ಗಿಸಿ, ಗನ್ನನ್ನು ಓರೆಯಾಗಿ ಹಿಡಿದು, ಒಂದೆಡೆ ನಿಲ್ಲಿಸದೆ ಆಡಿಸಿ. ಬೂದುಬಣ್ಣಕ್ಕೆ ತಿರುಗಿದ ಲೋಹವನ್ನು ಬರಿಗೈಯಲ್ಲಿ ಮುಟ್ಟದೆ ಅದೇ ದಿನ ಪ್ರೈಮರ್ ಹಚ್ಚಿ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಕೆಲವೇ ಗಂಟೆಗಳಲ್ಲಿ ಬೆರಳಿನ ಗುರುತುಗಳೇ ಕಂದು ತುಕ್ಕಾಗಿ ಎದ್ದು ಕಾಣುತ್ತವೆ.