ಹಲಗೆ ಮೇಲೆ ನಿಂತು ಅಲೆ ಸವಾರಿ ಮಾಡುವ ಸರ್ಫಿಂಗ್‌ನಿಂದ ಬೇರೆ ಯಾವ ಹಲಗೆ ಆಟಗಳು ಹುಟ್ಟಿದವು? ಸಮುದ್ರದ ಅಲೆಯೇ ಬೇಕಾ?

ಮೊದಲು ಸ್ಕೇಟ್‌ಬೋರ್ಡ್. 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸರ್ಫರ್‌ಗಳು ಅಲೆ ಇಲ್ಲದ ದಿನ ಸುಮ್ನೆ ಕೂರಲಾಗದೆ ಹಲಗೆಗೆ ಚಕ್ರ ಹಾಕಿ ರಸ್ತೆಗಿಳಿದರು. ಆಗ ಅದಕ್ಕೆ 'ಸೈಡ್‌ವಾಕ್ ಸರ್ಫಿಂಗ್' ಎಂದೇ ಹೆಸರು. 1970ರ ದಶಕದಲ್ಲಿ ಯುರಿಥೇನ್ ಎಂಬ ಪ್ಲಾಸ್ಟಿಕ್‌ನ ಚಕ್ರ ಬಂದು ನೆಲದ ಹಿಡಿತ ಸಿಕ್ಕಿತು. ಬರಗಾಲದಲ್ಲಿ ಖಾಲಿಯಾದ ಈಜುಕೊಳಗಳ ಬಾಗಿದ ಗೋಡೆಗಳೇ ಅವರಿಗೆ ಅಲೆಗಳಾದವು!

ಹಿಮಕ್ಕೂ ಇದು ಹಬ್ಬಿತು. 1965ರಲ್ಲಿ ಮಿಷಿಗನ್‌ನ ಶೆರ್ಮನ್ ಪಾಪೆನ್ ಮಕ್ಕಳಿಗಾಗಿ ಎರಡು ಸ್ಕೀಗಳನ್ನು (ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟುವ ಉದ್ದ ಪಟ್ಟಿಗಳು) ಜೋಡಿಸಿದರು. ಸ್ನೋ ಮತ್ತು ಸರ್ಫ್ ಸೇರಿ ಅದು 'ಸ್ನರ್ಫರ್' ಆಯಿತು. ಇಂದಿನ ಸ್ನೋಬೋರ್ಡ್‌ಗೆ ಅದೇ ಅಜ್ಜ. 1998ರಲ್ಲಿ ನಗಾನೊದಲ್ಲಿ ಸ್ನೋಬೋರ್ಡಿಂಗ್ ಒಲಿಂಪಿಕ್ಸ್ ಸೇರಿತು. ಹಲಗೆಗೆ ಹಾಯಿ ಕಟ್ಟಿದರೆ ವಿಂಡ್‌ಸರ್ಫಿಂಗ್, ಗಾಳಿಪಟ ಕಟ್ಟಿದರೆ ಕೈಟ್‌ಸರ್ಫಿಂಗ್.

ಇನ್ನು ಅಲೆಯ ವಿಷಯ. ಸಮುದ್ರವೇ ಬೇಕೆಂದಿಲ್ಲ. ಮ್ಯೂನಿಕ್‌ನ ಐಸ್‌ಬಾಖ್ ಕಾಲುವೆಯಲ್ಲಿ ನೀರು ಓಡುತ್ತಿದ್ದರೂ ನಿಂತಲ್ಲೇ ನಿಂತ ಅಲೆಯ ಮೇಲೆ ಸರ್ಫರ್‌ಗಳು ಸವಾರಿ ಮಾಡಿದ್ದಾರೆ. ಟೆಕ್ಸಾಸ್‌ನ ಗ್ಯಾಲ್ವೆಸ್ಟನ್ ಕೊಲ್ಲಿಯಲ್ಲಿ ದೊಡ್ಡ ಟ್ಯಾಂಕರ್ ಹಡಗು ಎಬ್ಬಿಸುವ ಅಲೆಯನ್ನೇ ಹಿಡಿಯುತ್ತಾರೆ. ಕೊಲ್ಲಿ ಆಳವಿಲ್ಲದ್ದರಿಂದ ಸವಾರಿ ಕಿಲೋಮೀಟರ್‌ಗಟ್ಟಲೆ ಸಾಗಬಹುದು.

ನನಗೆ ಜಾಸ್ತಿ ಇಷ್ಟ ಇಂಗ್ಲೆಂಡಿನ ಸೆವೆರ್ನ್ ನದಿ. ಭರತದ ನೀರು ಕಿರಿದಾಗುವ ನದೀಮುಖಕ್ಕೆ ನುಗ್ಗಿ, ಒಂದೇ ಅಲೆಯಾಗಿ ಹೊಳೆಯ ಹರಿವಿಗೆ ಎದುರಾಗಿ ಮೇಲೇರುತ್ತದೆ. 1955ರಲ್ಲಿ ಅದನ್ನು ಸವಾರಿ ಮಾಡಿದವರು ಜ್ಯಾಕ್ ಚರ್ಚಿಲ್. ಎರಡನೇ ಮಹಾಯುದ್ಧಕ್ಕೆ ಕತ್ತಿ, ಬಿಲ್ಲು ಹಿಡಿದು ಹೋಗಿದ್ದ ಸೇನಾಧಿಕಾರಿ. ಅಂಥವರಿಗೆ ನದಿ ಯಾವ ಲೆಕ್ಕ, ಅಲ್ವಾ?