ಕಾರ್ಡ್ ಇಲ್ಲದವರೂ ಆನ್‌ಲೈನ್‌ನಲ್ಲಿ ಕೊಳ್ಳಲು ಶುರು ಮಾಡಿದ್ದು ಹೇಗೆ?

ಪ್ರಶ್ನೆ: ಬೆಳೆಯುತ್ತಿರುವ ದೇಶಗಳಲ್ಲಿ ಬಹಳ ಜನರ ಹತ್ತಿರ ಕ್ರೆಡಿಟ್ ಕಾರ್ಡ್ ಇರಲಿಲ್ಲ. ಎಷ್ಟೋ ಮನೆಗಳಿಗೆ ನೆಟ್ಟಗೆ ವಿಳಾಸವೂ ಇರಲಿಲ್ಲ. ಆದರೂ ಅಲ್ಲಿ ಆನ್‌ಲೈನ್ ಶಾಪಿಂಗ್ ಇಷ್ಟು ಬೆಳೆದಿದ್ದು ಹೇಗೆ? ಅಗ್ಗದ ಮೊಬೈಲ್ ಇಂಟರ್ನೆಟ್ಟೇ ಕಾರಣವಾ?

ಉತ್ತರ: ಇಂಟರ್ನೆಟ್ ಅಗ್ಗವಾಗಿದ್ದು ದೊಡ್ಡ ಕಾರಣವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೆಟ್ ಇದ್ದ ಮಾತ್ರಕ್ಕೆ ಯಾರೂ ದುಡ್ಡು ಬಿಚ್ಚುವುದಿಲ್ಲ. ಸುಮ್ನೆ ನೋಡುತ್ತಾರೆ, ಬೆಲೆ ತಿಳಿದುಕೊಳ್ಳುತ್ತಾರೆ, ಆಮೇಲೆ ಅಂಗಡಿಗೇ ಹೋಗುತ್ತಾರೆ. ಮುಖ ಕಾಣದ ವ್ಯಾಪಾರಿಗೆ ಮೊದಲೇ ಹಣ ಕಳಿಸಲು ಯಾರಿಗಾದರೂ ಅಳುಕು ಇರುತ್ತದೆ, ಅಲ್ವಾ? ಶ್ರೀಮಂತ ದೇಶಗಳಲ್ಲಿ ಆ ಅಳುಕನ್ನು ಕ್ರೆಡಿಟ್ ಕಾರ್ಡ್ ಕಡಿಮೆ ಮಾಡಿತ್ತು. ಸಾಮಾನು ಬರದಿದ್ದರೆ ಬ್ಯಾಂಕಿಗೆ ದೂರು ಕೊಟ್ಟು ಹಣ ವಾಪಸ್ ಕೇಳಬಹುದಿತ್ತು. ಕಾರ್ಡೇ ಇಲ್ಲದ ಕಡೆ ಆ ಕೆಲಸಕ್ಕೆ ಬೇರೆ ದಾರಿ ಹುಡುಕಬೇಕಾಯಿತು.

ಚೀನಾ ಹುಡುಕಿದ ದಾರಿ ನನಗೆ ಬಹಳ ಇಷ್ಟ. 2003ರಲ್ಲಿ ಅಲಿಬಾಬಾ ಕಂಪನಿ ತಾವೊಬಾವೊ ಎಂಬ ಆನ್‌ಲೈನ್ ಮಾರುಕಟ್ಟೆ ಶುರು ಮಾಡಿದಾಗ ಎದುರಿಗೆ ಇದ್ದದ್ದು ಅಂಥದ್ದೇ ತಾಣ ನಡೆಸುತ್ತಿದ್ದ ಇಬೇ ಎಂಬ ಅಮೆರಿಕದ ದೈತ್ಯ. ತಾವೊಬಾವೊ ಮಾರಾಟಗಾರರಿಂದ ಶುಲ್ಕ ಕೇಳಲಿಲ್ಲ. ಜೊತೆಗೆ ಅಲಿಪೇ ಎಂಬ ಹಣ ಪಾವತಿ ವ್ಯವಸ್ಥೆ ತಂದಿತು. ನೀವು ಕೊಟ್ಟ ಹಣ ಅಲಿಪೇ ಹತ್ತಿರವೇ ಉಳಿಯುತ್ತದೆ. ಸಾಮಾನು ಬಂತು, ಸರಿಯಾಗಿದೆ ಎಂದು ನೀವು ಒಪ್ಪಿದ ಮೇಲೆಯೇ ಮಾರಿದವರ ಕೈ ಸೇರುತ್ತದೆ. ನಡುವೆ ನಿಂತು ಹಣ ಕಾಯುವವರು ಒಬ್ಬರಿದ್ದಾರೆ, ಅಷ್ಟೇ. ಅಷ್ಟರಿಂದಲೇ ಗುರುತಿಲ್ಲದವರ ನಡುವೆ ವ್ಯಾಪಾರ ಕುದುರಿತು. 2006ರ ಕೊನೆಗೆ ಇಬೇ ಚೀನಾದಲ್ಲಿದ್ದ ತನ್ನ ತಾಣವನ್ನು ಮುಚ್ಚಿ, ಅಲ್ಲಿನ ಕಂಪನಿಯೊಂದರ ಜೊತೆ ಸೇರಿಕೊಂಡಿತು.

ಭಾರತದಲ್ಲಿ ಫ್ಲಿಪ್‌ಕಾರ್ಟ್ 2007ರಲ್ಲಿ ಪುಸ್ತಕ ಮಾರುತ್ತಾ ಶುರುವಾಯಿತು. 2010ರಲ್ಲಿ ಕ್ಯಾಶ್ ಆನ್ ಡೆಲಿವರಿ ತಂದ ಮೇಲೆ, ಕಾರ್ಡ್ ಮುಟ್ಟದವರೂ ಗ್ರಾಹಕರಾದರು. ಕೀನ್ಯಾದಲ್ಲಿ 2007ರಿಂದ ಎಂ-ಪೆಸಾ ಇದೆ. ಬ್ಯಾಂಕ್ ಖಾತೆ ಇಲ್ಲದವರೂ ಅದರಿಂದ ಫೋನಲ್ಲೇ ಹಣ ಕಳಿಸುತ್ತಾರೆ.

ವಿಳಾಸದ ಕಷ್ಟ ಇನ್ನೂ ಪೂರ್ತಿ ಹೋಗಿಲ್ಲ. ಡೆಲಿವರಿ ಹುಡುಗರು ಫೋನ್ ಮಾಡಿ, ಗುರುತು ಕೇಳಿಕೊಂಡೇ ಮನೆ ಹುಡುಕುತ್ತಾರೆ. 2012ರಲ್ಲಿ ನೈಜೀರಿಯಾದಲ್ಲಿ ಹುಟ್ಟಿದ ಜುಮಿಯಾ ಎಂಬ ಆನ್‌ಲೈನ್ ಶಾಪಿಂಗ್ ಕಂಪನಿ ಈಗ ಪಿಕಪ್ ಕೇಂದ್ರಗಳನ್ನು ಇಟ್ಟುಕೊಂಡಿದೆ. ಗ್ರಾಹಕರೇ ಬಂದು ಪಾರ್ಸೆಲ್ ಒಯ್ಯಬಹುದು.

ಪ್ರಶ್ನೆ: ಕ್ಯಾಶ್ ಆನ್ ಡೆಲಿವರಿ ನಮಗೆ ಅನುಕೂಲ. ಆದರೆ ಕಂಪನಿಗಳು ಅದಕ್ಕೆ ಈಗ ಬೇರೆ ಶುಲ್ಕ ಹಾಕುತ್ತವೆ. ಇದು ಸರಿಯಾ?

ಉತ್ತರ: ಶುಲ್ಕಕ್ಕೆ ಕಾರಣ ಇದೆ. ಆರ್ಡರ್ ಮಾಡುವಾಗ ಕೈಯಿಂದ ಏನೂ ಹೋಗಿರುವುದಿಲ್ಲ. ಹಾಗಾಗಿ ಬಾಗಿಲಿಗೆ ಬಂದ ಮೇಲೆ ಬೇಡ ಅನ್ನುವವರು ಜಾಸ್ತಿ. ಪಾರ್ಸೆಲ್ ಹೋಗುವ ಖರ್ಚಿನ ಜೊತೆ ಬರುವ ಖರ್ಚೂ ಬೀಳುತ್ತದೆ. ಅಷ್ಟು ದಿನ ಆ ಸಾಮಾನು ಬೇರೆಯವರಿಗೆ ಮಾರಲೂ ಆಗದು. ದೊಡ್ಡ ಕಂಪನಿ ಇದನ್ನು ತಡೆದುಕೊಳ್ಳುತ್ತದೆ. ಮನೆಯಲ್ಲೇ ಹೊಲಿದು ಮಾರುವವರಿಗೆ ಇಂಥ ನಾಲ್ಕು ಪಾರ್ಸೆಲ್ ವಾಪಸ್ ಬಂದರೆ ಆ ತಿಂಗಳ ಲಾಭವೇ ಹೋಯಿತು.

ಭಾರತದ ಯುಪಿಐ, ಬ್ರೆಜಿಲ್‌ನ ಪಿಕ್ಸ್ ಬಂದ ಮೇಲೆ ನಗದು ಯಾಕೆ ಬೇಕು ಅಂತ ಕೇಳುವವರಿದ್ದಾರೆ. ಇವುಗಳಿಂದ ಹಣ ಕ್ಷಣದಲ್ಲಿ ಆ ಕಡೆ ಸೇರುತ್ತದೆ, ನಿಜ. ಹಾಗೆ ಹೋದ ಹಣವನ್ನು ವಾಪಸ್ ತರುವುದು ಮಾತ್ರ ಕಷ್ಟ. ಒಂದು ವಿಷಯ ಗಮನಿಸಿ: ಕ್ಯಾಶ್ ಆನ್ ಡೆಲಿವರಿಯಲ್ಲೂ ಸಾಮಾನ್ಯವಾಗಿ ಹಣ ಕೊಟ್ಟ ಮೇಲೆಯೇ ಡಬ್ಬ ಬಿಚ್ಚಬೇಕು. ಸಾಮಾನು ಬರುವುದೇ ಇಲ್ಲ ಎಂಬ ಭಯಕ್ಕೆ ಅದು ಮದ್ದು. ಒಳಗೆ ಬೇರೆ ಸಾಮಾನು ಇದ್ದರೆ ರಿಟರ್ನ್ ನಿಯಮವೇ ಗತಿ.

ಆದ್ದರಿಂದ ರಿಟರ್ನ್ ವ್ಯವಸ್ಥೆ ಗಟ್ಟಿಯಾಗಿರುವ ತಾಣದಲ್ಲಿ ಮೊದಲೇ ಹಣ ಕೊಡಿ, ಶುಲ್ಕ ಉಳಿಯುತ್ತದೆ. ಮೆಸೇಜಿನಲ್ಲೇ ಆರ್ಡರ್ ತೆಗೆದುಕೊಂಡು ನೇರ ಹಣ ಕಳಿಸಿ ಅನ್ನುವ ಗುರುತಿಲ್ಲದವರಾದರೆ, ಶುಲ್ಕ ಕೊಟ್ಟಾದರೂ ಕ್ಯಾಶ್ ಆನ್ ಡೆಲಿವರಿ ಕೇಳಿ. ಅವರು ಒಪ್ಪದಿದ್ದರೆ ನಾನಂತೂ ಕೊಳ್ಳುವುದಿಲ್ಲ.